ಅಜ್ಜನ ನೆರಳು, ಮಾಸ್ತರರ ನೆರಳು

ನಮ್ಮ ಊರಿನಲ್ಲಿ ಹೆಣ್ಣು ಕೊಡುವವರು ಮೊದಲು ಗಂಡಿನ ಮನೆಯ ಅಂಗಳದ ಬಿಸಿಲು ನೋಡುತ್ತಾರೆ. ಹುಡುಗನ ನೌಕರಿ, ಹೊಲ, ಅತ್ತೆಯ ಬಾಯಿ ಇವೆಲ್ಲ ಆಮೇಲಿನ ಮಾತು. ಅಂಗಳದಲ್ಲಿ ಹೊಸ ಚಪ್ಪರ ಕಂಡರೆ, ಹಿತ್ತಲಿನ ಬೇಡದ ಮೂಲೆಯಲ್ಲಿ ಬಳ್ಳಿಯನ್ನು ದಟ್ಟವಾಗಿ ಹಬ್ಬಿಸಿದ್ದರೆ, ಚಹಾ ಕುಡಿಯದೆ ಎದ್ದು ಬರುತ್ತಾರೆ. ಮನುಷ್ಯರ ಕೈಯಿಂದ ಕೊಲೆಯಾದವರ ನೆರಳು ನಮ್ಮಲ್ಲಿ ಆ ಜಾಗದಲ್ಲೇ ಉಳಿಯುತ್ತದೆ. ಜ್ವರ ಬಂದು ಸತ್ತವರದು, ಬಾವಿಗೆ ಜಾರಿ ಸತ್ತವರದು ಹೆಣದ ಜೊತೆಗೇ ಹೋಗುತ್ತದೆ. ಕೊಲೆಯಾದವರದು ಹೋಗುವುದಿಲ್ಲ. ಪೆಟ್ಟು ಬಿದ್ದಾಗ ಅವರು ಹೇಗೆ ನಿಂತಿದ್ದರೋ ಹಾಗೇ, ಮುಂಜಾನೆ ಪಡುವಣಕ್ಕೆ ಉದ್ದ ಚಾಚಿ, ಮಧ್ಯಾಹ್ನ ಕಾಲ ಬುಡಕ್ಕೆ ಮುದುಡಿ, ಸಂಜೆ ಮೂಡಣಕ್ಕೆ ಹೊರಳುತ್ತದೆ. ದೀಪಕ್ಕೆ ಕಾಣುವುದಿಲ್ಲ, ಬೆಳದಿಂಗಳಿಗೂ ಕಾಣುವುದಿಲ್ಲ. ಬಿಸಿಲಿಗೆ ಮಾತ್ರ ಕಾಣುತ್ತದೆ.

ಹಿಟ್ಟಿನ ಗಿರಣಿಯ ಮುಂದೆ ಒಬ್ಬ ಹಮಾಲನ ನೆರಳಿದೆ. ದಾಯಾದಿಗಳ ಜಗಳದಲ್ಲಿ ಕೊಡಲಿ ಬಿದ್ದು ಸತ್ತವನು. ಗಾಡಿ, ಆಟೋ ಎಲ್ಲ ಅದನ್ನು ಬಳಸಿಕೊಂಡೇ ಹೋಗುತ್ತವೆ. ಚಪ್ಪಲಿ ಕಾಲಿನಲ್ಲಿ ಯಾರೂ ತುಳಿಯುವುದಿಲ್ಲ, ಅದರ ಮೇಲೆ ಕಾಳು ಒಣಹಾಕುವುದಿಲ್ಲ. ಆದರೆ ಅದರೊಳಗೆ ಕೂಡಬಹುದು. ದಣಿದವರು, ಹೆದರಿದವರು ಕೂಡುತ್ತಾರೆ. ಹಾಗೆ ಕೂತವರನ್ನು ಯಾರೂ ರಟ್ಟೆ ಹಿಡಿದು ಎಬ್ಬಿಸುವಂತಿಲ್ಲ. ಗಂಡನ ಹೊಡೆತಕ್ಕೆ ಅಂಜಿ ಓಡಿಬಂದ ಹೆಂಗಸರು ಹಮಾಲನ ನೆರಳಿನಲ್ಲಿ ಕೂತು, ಅದು ಸರಿದಂತೆ ತಾವೂ ಸರಿಯುತ್ತಾ, ಗಂಡನ ಅಮಲು ಇಳಿಯುವ ತನಕ ಕಾಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗಂಡ ಎದುರಿಗೆ ನಿಂತು ಬೈಯುತ್ತಾನೆ, ಕಲ್ಲು ಎತ್ತುತ್ತಾನೆ, ಗೆರೆ ದಾಟುವುದಿಲ್ಲ. "ಪೊಲೀಸ್ ಸ್ಟೇಷನ್‌ಗಿಂತ ಈ ಹಮಾಲಣ್ಣ ಚಲೋ ನೋಡs. ಯಾವ ಜಾತಿ, ಯಾವ ಓಣಿ ಅಂತ ಕೇಳೂದಿಲ್ಲ" ಎಂದು ನನ್ನ ಗೆಳತಿ ಫರ್ಜಾನಾ ಅನ್ನುತ್ತಾಳೆ.

ಇಂಥ ಊರಿನಲ್ಲಿ ಇಬ್ಬರು ದೊಡ್ಡ ಮನುಷ್ಯರ ಕೊಲೆಯಾಗಿದೆ. ವಿಚಿತ್ರವೆಂದರೆ, ಆ ಇಬ್ಬರ ನೆರಳನ್ನು ಮಾತ್ರ ಈ ವರ್ಷದ ತನಕ ಯಾರೂ ನೋಡಿರಲಿಲ್ಲ.

ಮೊದಲನೆಯವರು ಕೆರೆ ಅಜ್ಜ. ನನ್ನ ಅಜ್ಜಿಯ ಅಜ್ಜಿ ಕೂಸಾಗಿದ್ದ ಕಾಲದವರು. ಮೇಲೋಣಿಯವರು ಕೆರೆಯ ಮೆಟ್ಟಿಲಿನ ಬಾಗಿಲಿಗೆ ಹಾಕಿದ್ದ ಬೀಗ ಒಡೆದು, ಕೆಳಗಿನ ಓಣಿಯವರ ಕೊಡಗಳನ್ನು ಮೊದಲು ತುಂಬಿಸಿದವರು. ಎಲ್ಲಿಂದಲೋ ಬಂದ ಹುಚ್ಚನೊಬ್ಬ ಈಟಿ ಎತ್ತಿದಾಗ ಅಜ್ಜ ಅವನಿಗೇ ಕೈಮುಗಿದು, ‘ಇವನನ್ನು ಬಿಟ್ಟುಬಿಡಿ’ ಎಂದು ಹೇಳಿ ಪ್ರಾಣ ಬಿಟ್ಟರು ಎಂದು ಸಾಲೆಯಲ್ಲಿ ಓದಿಸುತ್ತಾರೆ. ಅಜ್ಜನ ಮಾತಿಗೆ ಬೆಲೆ ಕೊಟ್ಟು ಊರು ಹುಚ್ಚನನ್ನು ಹುಡುಕಲಿಲ್ಲ. ಅವರು ಬಿದ್ದ ಜಾಗದಲ್ಲಿ ಮೇಲೋಣಿಯ ಹಿರಿಯರು ಅರಳಿ ಸಸಿ ನೆಟ್ಟರು. ಅದು ಬೆಳೆದು, ಸುತ್ತ ಕಟ್ಟೆಯಾಗಿ, ಪಕ್ಕದಲ್ಲಿ ಕೈಮುಗಿದ ಅಜ್ಜನ ಮೂರ್ತಿ ಎದ್ದಿತು. ಮರದ ನೆರಳಿನೊಳಗೆ ಮನುಷ್ಯನ ನೆರಳು ಹೇಗೆ ಕಂಡೀತು? ಕಾಣಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ.

ಎರಡನೆಯವರು ರುಮಾಲು ಮಾಸ್ತರರು. ನಾನು ಅಂಬೆಗಾಲಿಡುತ್ತಿದ್ದಾಗ ಸತ್ತವರು. ಮದುವೆ ಮಾಡಿಕೊಂಡಿರಲಿಲ್ಲ. ಸಾಲೆ ಬಿಟ್ಟು ಬೀದಿಗಿಳಿದು, ಹೂವು, ಮೀನು, ಕಾಯಿಪಲ್ಲೆ ಮಾರುವವರನ್ನೆಲ್ಲ ಒಟ್ಟುಮಾಡಿ ಚುನಾವಣೆ ಗೆದ್ದವರು. ತಲೆಗೆ ಯಾವಾಗಲೂ ಹಳದಿ ರುಮಾಲು, ಅದರ ಚುಂಗು ಬೆನ್ನ ಮೇಲೆ ಸೊಂಟದ ತನಕ. ಗೆದ್ದ ಮೇಲೆ ಮೈದಾನದಲ್ಲಿ ಸಭೆ ಸೇರಿಸಿದರು. ವೇದಿಕೆಯ ಮೇಲೆ ಅವರ ಪಕ್ಷದ ಹಣವಂತರು ಕೂತಿದ್ದರು, ವೀರನಗೌಡರೂ ಇದ್ದರು. ಮೊದಲ ಮಾಲೆ ಅವರು ಹಾಕಬೇಕಿತ್ತು. ಮಾಸ್ತರರು ಧ್ವನಿವರ್ಧಕದಲ್ಲಿ ‘ಮೊದಲ ಮಾಲಿ ಹೂಗಾರರ ರಾಚಪ್ಪಂದು’ ಎಂದು ಕೂಗಿದರು. ರಾಚಪ್ಪ ನನ್ನ ಅಪ್ಪ.

ಅಪ್ಪ ಮಾಲೆ ಹಿಡಿದು ಮೆಟ್ಟಿಲು ಹತ್ತುವಾಗಲೇ ಮಳೆ ಹೊಡೆಯಿತು. ಜನ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಓಡಿದರು. ಗುಂಡಿನ ಸದ್ದು ಗುಡುಗಿನ ಜೊತೆ ಬಂತು. ಮಾಸ್ತರರ ಎದೆಗೆ ಗುಂಡು ತಗುಲಿತ್ತು. ಮಾಲೆಗೆ ಕುತ್ತಿಗೆ ಬಾಗಿಸಿದಾಗ, ಹೂವಿನೊಳಗೆ ಅಡಗಿಸಿಟ್ಟಿದ್ದ ಪಿಸ್ತೂಲಿನಿಂದ ರಾಚಪ್ಪ ಹೊಡೆದ ಎಂದು ವೇದಿಕೆಯ ಮೇಲಿದ್ದವರೆಲ್ಲ ಒಂದೇ ಬಾಯಲ್ಲಿ ಹೇಳಿದರು. ಅಪ್ಪ ಹೇಳಿದ್ದು ಒಂದೇ ಮಾತು: ‘ಅವರು ನನ್ನ ಕಡೆ ಬೆನ್ನು ಮಾಡಿದ್ದರು.’ ಕೆಳಗಿದ್ದವರಲ್ಲಿ ಕಂಡವರು ಇರಲಿಲ್ಲವೆಂದಲ್ಲ. ಕಂಡವರು ‘ಕೊಡೆ ಅಡ್ಡ ಬಂತು’ ಅಂದರು. ಮೋಡ ಒಂದು ವಾರ ಸರಿಯಲಿಲ್ಲ. ಬಿಸಿಲು ಬರುವಷ್ಟರಲ್ಲಿ ವೀರನಗೌಡರು ಮುಂದೆ ನಿಂತು ಆ ಜಾಗಕ್ಕೆ ತಗಡು ಹೊದಿಸಿ, ಮೂರು ಕಡೆ ಗೋಡೆ ಎಬ್ಬಿಸಿದ್ದರು. ಮೈದಾನದ ಕಡೆ ಮಾತ್ರ ಬಯಲು, ಅಲ್ಲೂ ತಗಡು ಮುಂದಕ್ಕೆ ಚಾಚಿ ಬಿಸಿಲು ಒಳಗೆ ಬಾರದಂತಿತ್ತು. ‘ಮಾಸ್ತರರು ಜೀವಮಾನವೆಲ್ಲ ಬಿಸಿಲಲ್ಲಿ ನಿಂತರು, ಇನ್ನಾದರೂ ತಂಪಾಗಿರಲಿ’ ಎಂದು ಗೌಡರು ಅತ್ತರಂತೆ. ಊರೂ ಅತ್ತಿತು. ಅದನ್ನೀಗ ಸ್ಮಾರಕ ಮಂಟಪ ಅನ್ನುತ್ತಾರೆ. ಅಪ್ಪನಿಗೆ ಜೀವಾವಧಿಯಾಯಿತು. ನಮ್ಮ ಮನೆಯ ಹೂವನ್ನು ಊರು ಅವತ್ತಿನಿಂದ ಮುಟ್ಟಲಿಲ್ಲ. ಅವ್ವ ಹೂವಿನ ಬುಟ್ಟಿ ಅಟ್ಟಕ್ಕೆ ಹಾಕಿ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ನಾನು ಆ ಹಾಸ್ಟೆಲಿನಲ್ಲೇ ಇದ್ದು ಓದುತ್ತೇನೆ.

ಈ ಆಷಾಢದ ಗಾಳಿಗೆ ಅರಳಿ ಮರ ಬುಡಸಮೇತ ಬಿತ್ತು. ಮರುದಿನ ಬಿಸಿಲು ಬಂದಾಗ ಇಡೀ ಊರು ಅಲ್ಲಿ ಸೇರಿತ್ತು. ಕಟ್ಟೆಯ ಮೇಲೆ ಕೆರೆ ಅಜ್ಜನ ನೆರಳು ಬಿದ್ದಿತ್ತು, ಅದು ಕೈಮುಗಿದಿರಲಿಲ್ಲ. ಒಂದು ಕಾಲು ನೆಲ ಬಿಟ್ಟಿತ್ತು. ಧೋತರದ ಅಂಚು ಹಿಂದಕ್ಕೆ ಹಾರಿತ್ತು. ಕುತ್ತಿಗೆ ಹೆಗಲ ಮೇಲಿಂದ ಹಿಂದೆ ಹೊರಳಿತ್ತು. ಅಜ್ಜ ಓಡುತ್ತಿದ್ದರು. ಮೇಲೋಣಿಯ ದೊಡ್ಡ ಬಾಗಿಲುಗಳ ಕಡೆಯಿಂದ ಕೆರೆಯ ಕಡೆಗೆ, ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದರು.

ಜನ ತಲೆ ತಗ್ಗಿಸಿದರು. ಬೆನ್ನಟ್ಟಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ, ಅಜ್ಜ ಓಡಿದರಲ್ಲ ಎಂದು ನಾಚಿಕೊಂಡರು. "ಇಷ್ಟ ವರ್ಷ ಮರದ ಬುಡಕ ಇತ್ತಲ್ಲ, ಬೇರಿಗೆ ಸಿಕ್ಕು ನೆಳ್ಳು ಕೆಟ್ಟಿರಬೇಕು" ಎಂದು ಒಬ್ಬ ಮುದುಕ ಹೇಳಿದ. ಎಲ್ಲರಿಗೂ ಆ ಮಾತು ಹಿತವಾಯಿತು. ಮಧ್ಯಾಹ್ನದ ಒಳಗೆ ವೀರನಗೌಡರ ಆಳುಗಳು ಮದುವೆ ಶಾಮಿಯಾನ ತಂದು ಅದರ ಮೇಲೆ ಬಿಗಿದರು. ಕೆಂಪು, ಹಳದಿ ಪಟ್ಟೆಯ ಶಾಮಿಯಾನ.

ಅವತ್ತು ಊಟಕ್ಕೆ ಕೂತಾಗ ನನ್ನ ಕಣ್ಣು ಹಾಸ್ಟೆಲಿನ ಊಟದ ಮನೆಯ ಗೋಡೆಗೆ ಹೋಯಿತು. ಅಲ್ಲಿ ಒಂದು ಹಳೆಯ ಬಣ್ಣದ ಚಿತ್ರವಿದೆ: ಮೇಲೋಣಿಯ ಹಿರಿಯರು ಅಜ್ಜನ ಜಾಗದಲ್ಲಿ ಸಸಿ ನೆಡುವುದು. ಅದರ ಕೆಳಗೆ ಕೂತು ವರ್ಷಗಟ್ಟಲೆ ಉಂಡಿದ್ದೇನೆ. ಹಿರಿಯರು ಮಡಿಯುಟ್ಟಿದ್ದಾರೆ, ಒಬ್ಬರ ಕೈಯಲ್ಲಿ ತಂಬಿಗೆ ಇದೆ, ಮೇಲೆ ತೆಂಗಿನ ಗರಿಯ ದಟ್ಟ ಚಪ್ಪರವಿದೆ. ತುತ್ತು ಕೈಯಲ್ಲೇ ಉಳಿಯಿತು.

"ಫರ್ಜಾನಾ, ಸಸಿಗೆ ಏನು ಬೇಕು?"

"ನೀರು. ಗೊಬ್ಬರ. ಯಾಕ, ನಾಳೆ ಪರೀಕ್ಷೆ ಐತೇನು?"

"ಮತ್ತ?"

"ಬಿಸಿಲು" ಎಂದಳು. ನಾನು ಗೋಡೆಯ ಕಡೆ ತೋರಿಸಿದೆ. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು, ರೊಟ್ಟಿ ತಟ್ಟೆಯಲ್ಲಿಟ್ಟಳು. ಚಪ್ಪರದ ಕೆಳಗೆ ಯಾರೂ ಸಸಿ ನೆಡುವುದಿಲ್ಲ. ಮರ ಬೆಳೆಯುವ ತನಕ ಅವರಿಗೆ ಚಪ್ಪರ ಬೇಕಿತ್ತು, ಚಪ್ಪರ ಜೀರ್ಣವಾಗುವ ಹೊತ್ತಿಗೆ ಮರ ಬೇಕಿತ್ತು. ಆ ಕಾಲದಲ್ಲಿ ಗರಿ, ಈ ಕಾಲದಲ್ಲಿ ತಗಡು. ನನಗೆ ಆ ಕ್ಷಣದಲ್ಲಿ ದುಃಖವಾಗಲಿಲ್ಲ. ಲೆಕ್ಕವೊಂದನ್ನು ಬಿಡಿಸಿದಾಗ ಆಗುವಂಥದ್ದು ಏನೋ ಆಯಿತು.

ಶ್ರಾವಣ ಕಳೆದ ಮೇಲೆ ವೀರನಗೌಡರು ನನ್ನನ್ನು ಕರೆಸಿದರು. ಈಗ ಅವರು ಸ್ಮಾರಕ ಸಮಿತಿಯ ಅಧ್ಯಕ್ಷರು, ಹಾಸ್ಟೆಲಿಗೆ ದಾನಿಗಳು. ನಮ್ಮ ಕೋಣೆಯಲ್ಲಿದ್ದ ಆಳೆತ್ತರದ ಕನ್ನಡಿಯೂ ಅವರದೇ, ಅದರ ಕೆಳತುದಿಯಲ್ಲಿ ‘ವೀರನಗೌಡರ ಕೊಡುಗೆ’ ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಪಡಸಾಲೆಯ ಜೋಕಾಲಿಯ ಮೇಲೆ ಕೂತಿದ್ದರು. ನನ್ನನ್ನು ಕೂಡು ಎನ್ನಲಿಲ್ಲ, ಆದರೆ ಬಾಳೆಹಣ್ಣು ಕೊಡಿಸಿದರು.

"ಕಸ್ತೂರಿ ಅಲ್ಲೇನವಾ ನಿನ್ನ ಹೆಸರು? ನಿಮ್ಮಪ್ಪನ ಬಿಡುಗಡೆ ಅರ್ಜಿ ಬಂದದ. ಮಾಸ್ತರಿಗೆ ಹಿಂದ ಮುಂದ ಯಾರೂ ಇಲ್ಲಲ್ಲ, ಅದಕ್ಕ ಸರಕಾರದವ್ರು ನಮ್ಮ ಸಮಿತೀನ ಕೇಳ್ಯಾರ, ಬಿಡಬೇಕೋ ಬ್ಯಾಡೋ ಅಂತ."

ನಾನು ಬಾಳೆಹಣ್ಣನ್ನು ಸುಲಿಯದೆ ಕೈಯಲ್ಲೇ ಹಿಡಿದುಕೊಂಡಿದ್ದೆ.

"ನನಗೇನು ಹಗೆ ಇಲ್ಲ. ಮನಷಾ ಮುದುಕ ಆಗ್ಯಾನ. ಈ ಸಲದ ಪುಣ್ಯತಿಥಿಗೆ ಕಾಲೇಜ್ ಮಕ್ಕಳ ಭಾಷಣ ಇಟ್ಟೀವಿ. ಕೆರಿ ಅಜ್ಜ, ಮಾಸ್ತರು, ಇಬ್ಬರ ಬಲಿದಾನದಾಗ ಏನೇನು ಸಾಮ್ಯ ಅಂತ. ನೀ ಚಲೋ ಮಾತಾಡ್ತಿ ಅಂತ ಕೇಳೀನಿ. ಅಜ್ಜ ಕೈಮುಗಿದ್ರು, ಮಾಸ್ತರು ತಲಿ ಬಾಗಿಸಿದ್ರು, ಇಬ್ರೂ ಕೊಂದವರನ್ನ ಕ್ಷಮಿಸಿದ್ರು, ಇಷ್ಟ ಅನ್ನು. ಕಡೀಕ ಮಾಸ್ತರ ಫೋಟೋಕ್ಕ ಹೂ ಏರಿಸಿ ಬಗ್ಗಿ ನಮಸ್ಕಾರ ಮಾಡು. ಊರ ನೋಡ್ತದ. ಮರದಿನಾ ನಾ ಸಹಿ ಮಾಡ್ತೀನಿ."

"ಆಗಲ್ರಿ" ಎಂದು ಬಂದೆ. ಆಗಲಿ ಎಂದದ್ದು ಯಾವುದಕ್ಕೆ ಎಂದು ನನಗೇ ಗೊತ್ತಿರಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ಗೌಡರ ಮಾತು ಕೇಳಿ ಅವಳ ಕೈ ನಿಂತಿತು, ಆಮೇಲೆ ಇನ್ನೂ ಜೋರಾಗಿ ನಾದತೊಡಗಿದಳು.

"ಬಗ್ಗಿ ಬಾ. ಏನ್ ಗಂಟ ಹೋಗ್ತದ? ಬಗ್ಗಿದ್ರ ಮನಷಾ ಮನೀಗೆ ಬರ್ತಾನ."

"ಅವ್ವಾ, ಅಜ್ಜನ ನೆಳ್ಳಿಗೆ ಮರ ಹಚ್ಚಿದ್ರು, ಮಾಸ್ತರ ನೆಳ್ಳಿಗೆ ತಗಡ ಹಾಕಿದ್ರು. ಎರಡೂ ಒಂದs. ಅಪ್ಪ ಹೇಳಿದ್ದು ಖರೆ ಇದ್ರ ಆ ತಗಡಿನ ಕೆಳಗ ಐತಿ."

"ಖರೆ ಇರದಿದ್ರ?"

ಅವಳು ನನ್ನ ಮುಖ ನೋಡಲಿಲ್ಲ. ಹಿಟ್ಟಿಗೆ ನೀರು ಚಿಮುಕಿಸಿದಳು. "ನಾ ಅಲ್ಲಿ ಇದ್ದಿಲ್ಲ. ನೀ ತೊಡಿ ಮ್ಯಾಲಿದ್ದಿ, ನಿನಗ ಹಾಲ ಕುಡಸ್ಕೋತ ಕುಂತಿದ್ದೆ. ನಿಮ್ಮಪ್ಪ ಬೆನ್ನಿತ್ತು ಅಂತಾನ. ನಾ ಹೂಂ ಅಂದೀನಿ. ಎಲ್ಲಾ ವರ್ಷನೂ ಹೂಂ ಅಂದೀನಿ. ಒಂದ ಸಲಾನೂ ಖರೇನಾ ಅಂತ ಕೇಳಿಲ್ಲ. ತಗಡ ತಗದ ಮ್ಯಾಲೆ ಮಾಸ್ತರ ಕುತಿಗಿ ಈ ಕಡೆ ಬಾಗಿದ್ದು ಕಂಡ್ರ, ಆಮ್ಯಾಲೆ ನಾ ಯಾರಿಗೆ ರೊಟ್ಟಿ ಕಟಗೊಂಡ ಜೈಲಿಗೆ ಹೋಗಲಿ? ಮುಚ್ಚಿದ್ದು ಮುಚ್ಚಿರಲಿ. ನನಗ ಮನಷಾ ಬೇಕು."

ಲೈಬ್ರರಿಯ ಪುಸ್ತಕಗಳಲ್ಲಿ ಸತ್ಯಕ್ಕಾಗಿ ಎಲ್ಲ ಬಿಟ್ಟವರ ಕಥೆಗಳಿವೆ, ಅವರ ಹೆಂಡಂದಿರು ಆ ಹೊತ್ತಿಗೆ ಏನು ಮಾಡುತ್ತಿದ್ದರು ಎಂದು ಯಾರೂ ಬರೆದಿಲ್ಲ. ಬಗ್ಗಿದರೆ ಅಪ್ಪ ಮನೆಗೆ ಬರುತ್ತಾನೆ, ಕೊಲೆಗಾರನಾಗಿ. ಬಗ್ಗದಿದ್ದರೆ ಬರುವುದಿಲ್ಲ. ಅಪ್ಪ ಕೊಲೆ ಮಾಡಿದ್ದಾನೋ ಇಲ್ಲವೋ ಎಂಬುದು ಈ ಎರಡರಲ್ಲೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅದು.

ದಾರಿ ತೋರಿಸಿದವಳು ಫರ್ಜಾನಾ. ಒಂದು ಮುಂಜಾನೆ ಕನ್ನಡಿ ಒರೆಸುವಾಗ ಅದರ ಬಿಸಿಲು ಛಾವಣಿಗೆ ಬಿತ್ತು. ಅವಳು ಕನ್ನಡಿಯನ್ನು ಅತ್ತಿತ್ತ ಅಲ್ಲಾಡಿಸಿ ಛಾವಣಿಯ ಜೇಡನನ್ನು ಓಡಿಸುತ್ತಿದ್ದವಳು ನಿಂತುಬಿಟ್ಟಳು. "ಕಸ್ತೂರಿ, ಇದೂ ಬಿಸಿಲs ಅಲ್ಲಾ?" ಅವತ್ತೇ ಅವಳ ಪುಟ್ಟ ಕೈಗನ್ನಡಿ ಹಿಡಿದು ಶಾಮಿಯಾನದ ಹತ್ತಿರ ಹೋದೆವು. ಕಾವಲಿಗೆ ಯಾರೂ ಇರಲಿಲ್ಲ. ಕನ್ನಡಿಯ ಬೆಳಕನ್ನು ಪಟ್ಟೆಯ ಬಟ್ಟೆಯ ಕೆಳಗೆ ಬಿಟ್ಟೆವು. ಅಂಗೈಯಷ್ಟು ಬೆಳಕಿನಲ್ಲಿ ಅಜ್ಜನ ಎತ್ತಿದ ಕಾಲು ಕಂಡಿತು. ಫರ್ಜಾನಾ ಕನ್ನಡಿ ಎದೆಗೆ ಒತ್ತಿಕೊಂಡು, "ಯಾ ಅಲ್ಲಾ, ನಮ್ಮ ಕೋಣಿಯಾಗಿಂದು ಎಷ್ಟ ದೊಡ್ಡದು ಐತಿ" ಎಂದಳು.

ಪುಣ್ಯತಿಥಿಯ ದಿನ ಬಿಸಿಲು ಚೆನ್ನಾಗಿತ್ತು. ಮಂಟಪದ ಹಿಂಗೋಡೆಗೆ ಮಾಸ್ತರರ ದೊಡ್ಡ ಫೋಟೋ, ಅದರ ಕೆಳಗೆ ಸಾಲು ಕುರ್ಚಿಗಳು, ನಡುವೆ ವೀರನಗೌಡರು. ಕೊಲೆಯಾದ ದಿನ ವೇದಿಕೆಯ ಹಣವಂತರು ಕೂತಿದ್ದ ಜಾಗವೇ ಅದು. ಅವರ ಮುಂದೆ, ಹಳೆಯ ಮೆಟ್ಟಿಲಿನ ತಲೆಯಲ್ಲಿ, ಮಾಸ್ತರರು ನಿಂತಿದ್ದ ಜಾಗಕ್ಕೆ ಕಟಕಟೆ ಹಾಕಿ ಖಾಲಿ ಬಿಟ್ಟಿದ್ದರು. ಜನ ಮೈದಾನದಲ್ಲಿ ಜಮಖಾನೆಯ ಮೇಲೆ ಕೂತಿದ್ದರು. ಹಾಸ್ಟೆಲಿನ ಹುಡುಗಿಯರು ಬೆಡ್‌ಶೀಟಿನಲ್ಲಿ ಸುತ್ತಿದ ಕನ್ನಡಿಯನ್ನು ಎತ್ತಿಕೊಂಡು ಜನರ ಹಿಂದಿನಿಂದ ಬಂದರು. ಪೊಲೀಸಿನವನು ಏನದು ಅಂದ. "ಗೌಡ್ರು ಕೊಟ್ಟ ಕನ್ನಡಿ ಅಣ್ಣಾ. ಗೌಡ್ರಿಗೇ ತೋರಸಾಕ ತಂದೀವಿ" ಎಂದು ಫರ್ಜಾನಾ ಹೇಳಿದ್ದು ನನಗೂ ಕೇಳಿಸಿತು. ಅವನು ಕೆಂಪು ಅಕ್ಷರ ಓದಿ ದಾರಿ ಬಿಟ್ಟ.

ನನ್ನ ಹೆಸರು ಕೂಗಿದಾಗ ಗುಸುಗುಸು ಎದ್ದಿತು. "ರಾಚಪ್ಪನ ಮಗಳು" ಎಂದು ಯಾರೋ ಯಾರಿಗೋ ತೋರಿಸಿದರು. ಧ್ವನಿವರ್ಧಕ ಕಟಕಟೆಯ ಬದಿಗಿತ್ತು.

"ಸಾಮ್ಯ ಹೇಳಬೇಕೆಂದು ಹೇಳಿದ್ದಾರೆ" ಎಂದೆ. "ಹೇಳುತ್ತೇನೆ. ಕೆರೆ ಅಜ್ಜ ನಮ್ಮ ಓಣಿಯವರನ್ನು ಕೆರೆಗೆ ಇಳಿಸಿದರು, ಮಾಸ್ತರರು ನಮ್ಮ ಓಣಿಯವರನ್ನು ವೇದಿಕೆಗೆ ಹತ್ತಿಸಿದರು. ಇಬ್ಬರನ್ನೂ ಕೊಂದರು. ಇಬ್ಬರ ಕಥೆಯಲ್ಲೂ ಕೊನೆಗೆ ಅವರು ಬಾಗುತ್ತಾರೆ. ಒಬ್ಬರು ಕೈಮುಗಿಯುತ್ತಾರೆ, ಒಬ್ಬರು ಕುತ್ತಿಗೆ ಕೊಡುತ್ತಾರೆ. ಇಬ್ಬರ ಮೇಲೂ ಬಿಸಿಲು ಬೀಳದ ಹಾಗೆ ಮಾಡಿದರು, ಪ್ರೀತಿಯಿಂದ. ಅಜ್ಜನ ಮೇಲಿನ ಪ್ರೀತಿ ಈ ಆಷಾಢದಲ್ಲಿ ಬಿತ್ತು. ಅಜ್ಜ ಬಾಗಿರಲಿಲ್ಲ. ಮಾಸ್ತರರ ವಿಷಯ ನನಗೆ ಗೊತ್ತಿಲ್ಲ. ನನ್ನ ಅಪ್ಪ ಕೊಂದಿದ್ದರೆ ಅದೂ ಕಾಣಲಿ."

ಗೌಡರ ಪಕ್ಕದವನು ಧ್ವನಿವರ್ಧಕದ ತಂತಿ ಕಿತ್ತ. ಆದರೆ ಅಷ್ಟರಲ್ಲಿ ಬೆಡ್‌ಶೀಟ್ ಬಿದ್ದಿತ್ತು.

ಬೆಳಕು ಮೊದಲು ನೆಲಕ್ಕೆ ಬಿತ್ತು, ನಡುಗುತ್ತಿತ್ತು. ಹುಡುಗಿಯರು ಕನ್ನಡಿಯನ್ನು ಹಿಂದಕ್ಕೆ ವಾಲಿಸಿದರು. ಆಮೇಲೆ ಮೇಲೆ ಹತ್ತಿತು. ಹಿಂಗೋಡೆಯ ಬುಡದಲ್ಲಿ ಎರಡು ಪಾದಗಳ ನೆರಳು ಕಂಡಿತು, ಅಗಲಿಸಿ ಊರಿದ ಪಾದಗಳು. ಎರಡೂ ನೆಲದ ಮೇಲಿದ್ದವು. ನಾನು ಅಜ್ಜನಂತೆ ಇವರೂ ಓಡುತ್ತಿರಬೇಕೆಂದು ಎಣಿಸಿದ್ದೆ, ಹಾಗಿರಲಿಲ್ಲ. ಬೆಳಕು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಎದೆಯ ಹತ್ತಿರ ಬಂದಾಗ ಕೈಗಳು ಕಂಡವು. ಎರಡೂ ಕೈಗಳನ್ನು ಅಗಲಕ್ಕೆ ಚಾಚಿದ್ದರು, ಬಾಗಿಲಿಗೆ ಅಡ್ಡ ನಿಂತವರು ಚಾಚುವ ಹಾಗೆ. ಕುತ್ತಿಗೆ ನೆಟ್ಟಗಿತ್ತು.

ಆದರೂ ಯಾರ ಕಡೆ ಮುಖ ಎಂದು ಗೊತ್ತಾಗಲಿಲ್ಲ. ನೆರಳಿಗೆ ಮುಂದು ಹಿಂದು ಇಲ್ಲ. "ಕನ್ನಡಿ ಬದೀಗೆ ತಗೊಂಡ ಹೋಗ್ರಿ" ಎಂದು ನಾನು ಕೂಗಿದೆ. ಅವರು ಕನ್ನಡಿ ಎತ್ತಿಕೊಂಡು ಜನರ ನಡುವೆ ಮೈದಾನದ ಮೂಲೆಗೆ ಸರಿದರು. ಕೂತಿದ್ದವರು ಮೊದಲ ಸಲ ದಾರಿ ಬಿಟ್ಟರು. ಕನ್ನಡಿ ಸರಿದಂತೆ ಗೋಡೆಯ ಮೇಲೆ ಮಾಸ್ತರರು ನಿಧಾನ ತಿರುಗಿದರು. ಮೂಗು ಕಂಡಿತು. ಅದು ಕುರ್ಚಿಗಳ ಕಡೆಗಿತ್ತು. ರುಮಾಲಿನ ಚುಂಗು ಕಂಡಿತು. ಅದು ಜನರ ಕಡೆ, ಮೆಟ್ಟಿಲಿನ ಕಡೆ, ಅಪ್ಪ ಬಂದ ಕಡೆ ಇಳಿಬಿದ್ದಿತ್ತು. ಗುಂಡು ಎದೆಗೆ ತಗುಲಿದ್ದು ಊರಿಗೆಲ್ಲ ಗೊತ್ತಿತ್ತು.

ಮಾಸ್ತರರ ಎದೆಯ ನೆರಳು ವೀರನಗೌಡರ ಬಿಳಿ ಅಂಗಿಯ ಮೇಲೆ ಬಿದ್ದಿತ್ತು. ಕನ್ನಡಿಯ ಕೆಳತುದಿಯ ಅಕ್ಷರಗಳೂ ಅವರ ಕಾಲ ಹತ್ತಿರ ಬಿದ್ದಿದ್ದವು, ಉಲ್ಟಾ, ಮಸಕು. ಕೊಲೆಯಾದವರ ನೆರಳಿನಲ್ಲಿ ಕೂತವರನ್ನು ನಮ್ಮಲ್ಲಿ ಯಾರೂ ಎಬ್ಬಿಸುವಂತಿಲ್ಲ. ಗೌಡರನ್ನು ಯಾರೂ ಎಬ್ಬಿಸಲಿಲ್ಲ. ಅವರೇ ಎದ್ದರು. ಎದ್ದು, ಅಂಗಿಯ ಎದೆಯನ್ನು ಕೈಯಿಂದ ಎರಡು ಸಲ ಕೊಡವಿಕೊಂಡು, ಹಿಂಬಾಗಿಲಿನಿಂದ ಇಳಿದು ಹೋದರು. ಅವರು ಕೊಡವಿಕೊಂಡದ್ದನ್ನು ಊರು ನೋಡಿತು.

ಇಷ್ಟಕ್ಕೆ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಅವತ್ತು ಸಂಜೆ ಸಮಿತಿಯ ಹುಡುಗರು ಹಾಸ್ಟೆಲಿಗೆ ಬಂದು ಕನ್ನಡಿ ಒಡೆದರು. ವಾರ್ಡನ್‌ಗೆ ವರ್ಗವಾಯಿತು. ಅಪ್ಪನ ಅರ್ಜಿಯ ಮೇಲೆ ‘ಬಿಡಬಾರದು’ ಎಂದು ಬರೆದು ಕಳಿಸಿದರು. ಜಿಲ್ಲೆಯ ವಕೀಲರು ನನ್ನ ಮಾತು ಪೂರ್ತಿ ಕೇಳಿ, "ನಿಮ್ಮೂರಾಗ ಸರಿ ತಂಗಿ, ಆದ್ರ ನಮ್ಮ ಕೋರ್ಟಿನಾಗ ನೆರಳನ್ನ ಕಟಕಟಿಗೆ ಕರಿಯೂದು ಹೆಂಗ? ಪ್ರಮಾಣ ಯಾರು ಮಾಡಸ್ತಾರ?" ಎಂದರು. ನಗಲಿಲ್ಲ, ಅಷ್ಟೇ ಸಮಾಧಾನ. ತಗಡು ಹಾಗೇ ಇದೆ. ಅಜ್ಜನ ಶಾಮಿಯಾನವನ್ನು ಯಾರೋ ಬಿಚ್ಚಿದರು, ಮತ್ತೆ ಯಾರೂ ಕಟ್ಟಲಿಲ್ಲ. ಈಗ ಸಂತೆಯ ದಿನ ಓಡುವ ಅಜ್ಜನ ನೆರಳಿನಲ್ಲಿ ಮುದುಕಿಯರು ಸೊಪ್ಪಿನ ಸಿವುಡು ಹಿಡಿದು ಕೂಡುತ್ತಾರೆ. ಓಡಿದ್ದಕ್ಕೆ ನಾಚಿಕೊಳ್ಳುವವರು ಕಡಿಮೆಯಾಗಿದ್ದಾರೆ. ಕ್ಷೌರದಂಗಡಿಯವರು ಕನ್ನಡಿ ಹೊರಗೆ ತರಬಾರದೆಂದು ಪುರಸಭೆ ಹೇಳಿದೆ. ಆದರೆ ಹೆಣ್ಣು ಕೊಡುವವರು ಗಂಡಿನ ಮನೆಗೆ ಬರುವಾಗ ಕೈಚೀಲದಲ್ಲಿ ಒಂದು ಸಣ್ಣ ಕನ್ನಡಿ ತರತೊಡಗಿದ್ದಾರೆ. ಚಪ್ಪರ ಹಾಕಿದವರ ಎದೆ ಈಗ ಸುಮ್ಮನೆ ಹೊಡೆದುಕೊಳ್ಳುತ್ತದೆ.

ಅವ್ವ ನನ್ನೊಡನೆ ಮಾತು ಬಿಟ್ಟಿದ್ದಳು. ಪುಣ್ಯತಿಥಿಯ ದಿನ ಅವಳು ಮೈದಾನಕ್ಕೆ ಬಂದಿರಲಿಲ್ಲ, ಅಡುಗೆಮನೆಯ ಬಾಗಿಲು ಹಾಕಿಕೊಂಡಿದ್ದಳು. ನಾನು ಕಂಡದ್ದನ್ನು ಹೇಳಿದಾಗಲೂ ಒಲೆಯ ಕಡೆ ಮುಖ ಮಾಡಿಯೇ ಕೇಳಿದಳು. ಜೈಲಿಗೆ ಒಬ್ಬಳೇ ಹೋಗಿ ಬಂದಳು. ಅಲ್ಲಿ ಏನು ಮಾತಾಯಿತೆಂದು ನನಗೆ ಹೇಳಲಿಲ್ಲ. ಬಂದ ಮರುದಿನ ಅಟ್ಟದಿಂದ ಬುಟ್ಟಿ ಇಳಿಸಿ ತೊಳೆದಳು. ಮಾರನೆಯ ದಿನ ಬಿಸಿಲು ಏರಿದ ಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಅವಳ ಕೈಯಲ್ಲಿ ಸೇವಂತಿಗೆಯ ಮಾಲೆಯಿತ್ತು. ನನಗೆ ತಿಳುವಳಿಕೆ ಬಂದ ಮೇಲೆ ಅವಳು ಮಾಲೆ ಕಟ್ಟಿದ್ದನ್ನು ನೋಡಿದ್ದು ಅದೇ ಮೊದಲು.

"ಒಡದ ಕನ್ನಡಿ ಚೂರು ಇಟ್ಟೀರಲ್ಲ, ದೊಡ್ಡದೊಂದು ತಗೋ."

ಮಂಟಪದಲ್ಲಿ ಯಾರೂ ಇರಲಿಲ್ಲ. ನಾನು ಮೈದಾನದಲ್ಲಿ ನಿಂತು ಚೂರನ್ನು ಬಿಸಿಲಿಗೆ ಹಿಡಿದೆ. ಮಾಸ್ತರರು ಗೋಡೆಯ ಮೇಲೆ ಅರ್ಧಂಬರ್ಧ ಮೂಡಿದರು, ಎದೆ, ಚಾಚಿದ ಕೈಗಳು. ಅವ್ವ ಮೆಟ್ಟಿಲು ಹತ್ತಿ, ಅಪ್ಪ ನಿಂತಿದ್ದ ಮೆಟ್ಟಿಲಿನ ಮೇಲೆ, ಮಾಲೆ ಎತ್ತಿ ನಿಂತಳು. ಗೋಡೆಯ ಮೇಲೆ ಅವಳ ನೆರಳು ಬೀಳಬೇಕಿತ್ತು, ಕಾಣಲಿಲ್ಲ. ಮಾಲೆಯ ತುದಿಯಷ್ಟೇ ಒಂದು ಕಡೆ ಜೋತಾಡುತ್ತಿತ್ತು.

"ನನ್ನ ನೆಳ್ಳು ಎಲ್ಲೇತಿ?"

"ಅವರದರ ಒಳಗ ಐತಿ ಅವ್ವಾ. ಅವರು ನಿನಗ ಅಡ್ಡ ನಿಂತಾರ."

ಅವಳು ಎತ್ತಿದ ಮಾಲೆಯನ್ನು ಕೆಳಗಿಳಿಸಿದಳು. "ಇಂಥಾ ನೆಳ್ಳಿನಾಗ ಇದ್ದ ನಿಮ್ಮಪ್ಪನ್ನ ಎಳಕೊಂಡ ಹೋದ್ರು" ಎಂದಳು. ಅತ್ತಿರಲಿಲ್ಲ. ದನಿಯಲ್ಲಿ ಸಿಟ್ಟಿತ್ತು. ಊರಿನ ಎಲ್ಲ ಪಾಪಗಳಿಗಿಂತ ಅದು ಅವಳಿಗೆ ದೊಡ್ಡದಾಗಿ ಕಂಡಿರಬೇಕು. ಆಮೇಲೆ ಚಪ್ಪಲಿ ಬಿಟ್ಟು, ಕಟಕಟೆಯನ್ನು ಬಳಸಿ ಒಳಗೆ ಹೋಗಿ, ಗೌಡರು ಎದ್ದುಹೋದ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಮಾಸ್ತರರ ನೆರಳಿನಲ್ಲಿ ಕೂತಳು. ಮಾಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಮೈದಾನದ ಆಚೆಯಿಂದ ಸಮಿತಿಯ ಕಾವಲುಗಾರ ಕೋಲು ಬೀಸುತ್ತಾ ಬರುತ್ತಿದ್ದ, ಅವನ ಹಿಂದೆ ಇನ್ನಿಬ್ಬರಿದ್ದರು. "ಏ ಮುದುಕಿ, ಏಳ ಅಲ್ಲಿಂದ" ಎಂದು ದೂರದಿಂದಲೇ ಕೂಗಿದ. ಮೆಟ್ಟಿಲ ಹತ್ತಿರ ಬಂದವನು ಗೋಡೆ ನೋಡಿದ, ಅವ್ವನನ್ನು ನೋಡಿದ, ಕಾಲು ಮೇಲಿಡಲಿಲ್ಲ. ಆಮೇಲೆ ಮೂವರೂ ತಿರುಗಿ ನನ್ನನ್ನು, ನನ್ನ ಕೈಯಲ್ಲಿದ್ದ ಚೂರನ್ನು ನೋಡಿದರು.

"ಕಸ್ತೂರಿ" ಎಂದಳು ಅವ್ವ, ಅವರ ಕಡೆ ನೋಡದೆ. "ಕೈ ಅಲಗಾಡಸಬ್ಯಾಡ. ನೋಡೂಣು, ಯಾರು ಎಬ್ಬಸ್ತಾರ."

ಚೂರಿನ ಅಂಚು ಅಂಗೈಯನ್ನು ಕೊರೆಯುತ್ತಿತ್ತು. ಬಿಸಿಲು ಇನ್ನೂ ಬಹಳ ಇತ್ತು.